ಒಂದು ಡಾಲರ್ ಕತೆ ನಿಜ, ಆದ್ರೆ ಮೋರಿಸ್ ಚಾಂಗ್ ಗೆದ್ದಿದ್ದು ಅದರಿಂದಲ್ಲ

ಪ್ರಶ್ನೆ: ಸರ್, ತೈವಾನಿನ ಟಿಎಸ್‌ಎಂಸಿ ಕಂಪನಿ ಕಟ್ಟಿದ ಮೋರಿಸ್ ಚಾಂಗ್ ಬಗ್ಗೆ ವಾಟ್ಸ್ಆಪ್‌ನಲ್ಲಿ ಒಂದು ಮೆಸೇಜ್ ಓಡಾಡ್ತಿದೆ. ಒಂದೇ ಒಂದು ಡಾಲರ್ ಜಾಸ್ತಿ ಸಂಬಳಕ್ಕೆ ಕಾರ್ ಕಂಪನಿ ಬಿಟ್ಟು ಚಿಪ್ ಕಂಪನಿ ಸೇರಿದ್ರು, ಅದೃಷ್ಟ ಖುಲಾಯಿಸ್ತು ಅಂತ. ಇದು ನಿಜಾನಾ? 55ನೇ ವಯಸ್ಸಲ್ಲಿ ಅಷ್ಟು ದೊಡ್ಡ ಕಂಪನಿ ಶುರು ಮಾಡೋಕೆ ಹೇಗೆ ಆಯ್ತು? ಬೆಂಗಳೂರಲ್ಲಿ ಇಷ್ಟು ಚಿಪ್ ಇಂಜಿನಿಯರ್ಸ್ ಇದ್ರೂ ಅಂಥದ್ದು ನಮ್ಮಲ್ಲಿ ಯಾಕೆ ಹುಟ್ಲಿಲ್ಲ? ಕೇಳೋಕೆ ಇನ್ನೊಂದು ಕಾರಣಾನೂ ಇದೆ, ನನ್ನ ತಮ್ಮ ಇಸಿ ಮುಗಿಸಿದಾನೆ, ಗುಜರಾತಲ್ಲಿ ಒಂದು ಚಿಪ್ ಫ್ಯಾಕ್ಟರಿಯಲ್ಲಿ ಪ್ರೊಸೆಸ್ ಇಂಜಿನಿಯರ್ ಕೆಲಸ ಬಂದಿದೆ. ಮನೇಲಿ ಎಲ್ರೂ ಫ್ಯಾಕ್ಟರಿ ಕೆಲಸ ಬೇಡ, ಬೆಂಗಳೂರಲ್ಲೇ ಡಿಸೈನ್ ಕೆಲಸ ಹುಡುಕ್ಕೋ ಅಂತಿದಾರೆ. (ಹಾಸನದಿಂದ ಒಬ್ಬ ಓದುಗರು)

ಉತ್ತರ:

ಡಾಲರ್ ಕತೆ ನಿಜ. 1955ರಲ್ಲಿ ಚಾಂಗ್ ಎಂಐಟಿಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಪಿಎಚ್‌ಡಿಗೆ ಸೇರೋ ಅರ್ಹತಾ ಪರೀಕ್ಷೆ ಎರಡು ಸಲ ಬರೆದು ಎರಡು ಸಲಾನೂ ಫೇಲ್ ಆಗಿದ್ರು, ಮದುವೆನೂ ಆಗಿತ್ತು, ಕೆಲಸ ಬೇಕೇ ಬೇಕಿತ್ತು. ಫೋರ್ಡ್ ತಿಂಗಳಿಗೆ 479 ಡಾಲರ್ ಕೊಡ್ತೀವಿ ಅಂತು, ಸಿಲ್ವೇನಿಯಾ ಅನ್ನೋ ಕಂಪನಿ ತನ್ನ ಸೆಮಿಕಂಡಕ್ಟರ್ (ಚಿಪ್ ಮಾಡೋ ಪದಾರ್ಥ) ವಿಭಾಗಕ್ಕೆ 480. ಚಾಂಗ್‌ಗೆ ಮನಸ್ಸಿದ್ದಿದ್ದು ಫೋರ್ಡ್ ಮೇಲೆ, ಸ್ವಲ್ಪ ಜಾಸ್ತಿ ಮಾಡ್ತೀರಾ ಅಂತ ಫೋನ್ ಮಾಡಿ ಕೇಳಿದ್ರು, ಆ ಕಡೆಯವರು ಆಗಲ್ಲ ಅಂತ ಒಂದೇ ಮಾತಲ್ಲಿ ಮುಗಿಸಿದ್ರು, ಹುಡುಗನಿಗೆ ಬೇಜಾರಾಯ್ತು, ಸಿಲ್ವೇನಿಯಾಗೆ ಹೋದ್ರು.

ಮೆಸೇಜ್ ಅಲ್ಲಿಗೆ ನಿಲ್ಲುತ್ತೆ, ನನಗೆ ಮುಖ್ಯ ಅನ್ಸೋದು ಅದರ ಮುಂದಿನದು. ಅವರು ಮೆಕ್ಯಾನಿಕಲ್ ಇಂಜಿನಿಯರ್, ಟ್ರಾನ್ಸಿಸ್ಟರ್ (ಕರೆಂಟನ್ನ ಆನ್ ಆಫ್ ಮಾಡೋ ಪುಟ್ಟ ಸ್ವಿಚ್) ಬಗ್ಗೆ ಏನೂ ಗೊತ್ತಿರ್ಲಿಲ್ಲ. ಮನೆ ಸಿಗೋವರೆಗೆ ಹೋಟೆಲ್ ರೂಮಲ್ಲಿ ಇದ್ರು, ಕೆಲಸ ಮುಗಿಸಿ ಬಂದು ರಾತ್ರಿ ಸೆಮಿಕಂಡಕ್ಟರ್ ಭೌತಶಾಸ್ತ್ರದ ಪುಸ್ತಕ ಹಿಡ್ಕೊಂಡು ಒಂದೊಂದೇ ಪುಟ ಜಗಿದ್ರು. ಅದೇ ಕಂಪನಿಯ ಒಬ್ಬ ಹಿರಿಯ ಇಂಜಿನಿಯರ್ ಸಂಜೆ ಆದ್ರೆ ಆ ಹೋಟೆಲ್ಲಿನ ಬಾರಿಗೆ ಬರ್ತಿದ್ರಂತೆ, ಅರ್ಥ ಆಗದ್ದನ್ನ ಗುರುತು ಹಾಕ್ಕೊಂಡು ಅವರ ಪಕ್ಕ ಕೂತು ಕೇಳೋದು, ಅವರು ಕುಡೀತಾ ಹೇಳಿಕೊಡೋದು. ಎಂಐಟಿ ಬಾಗಿಲು ಮುಚ್ಚಿದ ಹುಡುಗ ಸೆಮಿಕಂಡಕ್ಟರ್ ಕಲಿತಿದ್ದು ಹೀಗೆ.

ಬಾಲ್ಯದ ಬಗ್ಗೆ ಜಾಸ್ತಿ ಬರೆಯಲ್ಲ. 1931ರ ಜುಲೈನಲ್ಲಿ ಚೀನಾದ ನಿಂಗ್ಬೋದಲ್ಲಿ ಹುಟ್ಟು, ಅಪ್ಪ ಬ್ಯಾಂಕ್ ಮ್ಯಾನೇಜರ್, ಜಪಾನಿನ ಆಕ್ರಮಣ, ಎರಡನೇ ಮಹಾಯುದ್ಧ, ಆಮೇಲೆ ಚೀನಾದ ಅಂತರ್ಯುದ್ಧ, ಹೀಗೆ ಒಂದರ ಹಿಂದೆ ಒಂದು ಯುದ್ಧದಿಂದ ತಪ್ಪಿಸ್ಕೊಳ್ತಾ ನಾನ್‌ಜಿಂಗ್, ಗುವಾಂಗ್‌ಝೌ, ಹಾಂಗ್‌ಕಾಂಗ್, ಚೊಂಗ್‌ಚಿಂಗ್, ಶಾಂಘೈ ಅಂತ ಗಂಟುಮೂಟೆ ಕಟ್ಟಿಕೊಂಡು ಓಡಾಡಿದ ಮನೆ. ಹುಡುಗನಿಗೆ ಸಾಹಿತಿ ಆಗ್ಬೇಕು ಅಂತ ಆಸೆ ಇತ್ತು, ಅದರಿಂದ ಹೊಟ್ಟೆ ತುಂಬಲ್ಲ ಅಂತ ಅಪ್ಪ ತಡೆದ್ರು (ನಮ್ಮ ಎಷ್ಟು ಮನೆಗಳಲ್ಲಿ ಈ ಮಾತು ಕೇಳಿಲ್ಲ ಹೇಳಿ). 1949ರಲ್ಲಿ ಹಾರ್ವರ್ಡ್, ಮುಂದಿನ ವರ್ಷ ಎಂಐಟಿ.

ಈಗ 1958ಕ್ಕೆ ಬನ್ನಿ, ಅವರ ಇಡೀ ಜೀವನದ ಬೇರು ಇಲ್ಲೇ ಇದೆ ಅಂತ ನಾನು ನಂಬಿರೋದು. ಆ ವರ್ಷ ಡಲ್ಲಾಸ್‌ನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, ಅಂದ್ರೆ ಟಿಐ, ಸೇರಿದ್ರು. ಜ್ಯಾಕ್ ಕಿಲ್ಬಿ ಅನ್ನೋ ಇಂಜಿನಿಯರ್ ಅಲ್ಲಿಗೆ ಸೇರಿದ್ದೂ ಅದೇ ವರ್ಷ, ಇಂಟಿಗ್ರೇಟೆಡ್ ಸರ್ಕ್ಯೂಟ್, ಅಂದ್ರೆ ಈಗ ನಾವು ಚಿಪ್ ಅನ್ನೋದನ್ನ, ಮಾಡಿ ತೋರಿಸಿದ್ದೂ ಅದೇ ವರ್ಷ. ಚಾಂಗ್‌ಗೆ ಕೊಟ್ಟಿದ್ದು ಯಾರಿಗೂ ಬೇಡವಾದ ಒಂದು ತಯಾರಿಕಾ ಲೈನ್. ಐಬಿಎಂ ಕಂಪ್ಯೂಟರ್‌ಗೆ ಅಂತ ಟ್ರಾನ್ಸಿಸ್ಟರ್ ಮಾಡೋದು, ಡಿಸೈನ್ ಐಬಿಎಂದು, ತಯಾರಿಕೆ ಮಾತ್ರ ಟಿಐದು. ಐಬಿಎಂನವರ ಸ್ವಂತ ಲೈನಲ್ಲೇ ಯೀಲ್ಡ್ ಹತ್ತು ಪರ್ಸೆಂಟ್ ಆಸುಪಾಸು ಇತ್ತು, ಟಿಐನಲ್ಲಿ ಹೆಚ್ಚುಕಮ್ಮಿ ಸೊನ್ನೆ.

ಯೀಲ್ಡ್ ಅಂದ್ರೆ ಏನು ಅಂತ ಹೇಳದೆ ಈ ಮನುಷ್ಯ ಅರ್ಥ ಆಗಲ್ಲ. ನಾನು ಬೆಂಗಳೂರಲ್ಲಿ 20 ವರ್ಷದ ಮೇಲಾಯ್ತು ಚಿಪ್ ಡಿಸೈನ್ ಮಾಡ್ತಿರೋನು. ನಾವು ರಾತ್ರಿ ಎರಡು ಮೂರು ಗಂಟೆವರೆಗೆ ಕೂತು ಟೇಪ್ಔಟ್ ಮಾಡಿ, ಅಂದ್ರೆ ಡಿಸೈನ್ ಮುಗಿಸಿ, ಫ್ಯಾಕ್ಟರಿಗೆ ಫೈಲ್ ಕಳಿಸಿದ ಮೇಲೆ ವೇಫರ್ ಆಗಿ ಬರೋಕೆ ತಿಂಗಳುಗಟ್ಟಲೆ ಕಾಯ್ಬೇಕು. ಒಂದು ದೊಡ್ಡ ಅಕ್ಕಿ ರೊಟ್ಟಿಯಷ್ಟು ಅಗಲದ, ಕನ್ನಡಿ ಥರ ಹೊಳೆಯೋ ತಟ್ಟೆ, ಓರೆ ಮಾಡಿ ಹಿಡಿದ್ರೆ ಕಾಮನಬಿಲ್ಲಿನ ಬಣ್ಣ ಎಲ್ಲಾ ಕಾಣುತ್ತೆ, ಅದರ ಮೇಲೆ ನೂರಾರು ಚೌಕ, ಒಂದೊಂದು ಚೌಕ ಒಂದೊಂದು ಚಿಪ್. ಟೆಸ್ಟ್ ಮಾಡಿದಾಗ ಸ್ಕ್ರೀನ್ ಮೇಲೆ ಒಂದು ಮ್ಯಾಪ್ ಬರುತ್ತೆ, ಕೆಲಸ ಮಾಡೋ ಚಿಪ್ ಹಸಿರು, ಸತ್ತಿದ್ದು ಕೆಂಪು. ಅಂಚಲ್ಲಿ ಒಂದು ಸುತ್ತು ಕೆಂಪಿದ್ರೆ ಒಂದು ರೋಗ, ನಡುವೆ ಗೀರು ಎಳೆದ ಹಾಗೆ ಕೆಂಪಿದ್ರೆ ಇನ್ನೊಂದು ರೋಗ. ನಮ್ಮದೇ ಒಂದು ಪ್ರಾಜೆಕ್ಟಲ್ಲಿ ವೇಫರ್‌ಗಳ ಮೊದಲನೇ ಲಾಟ್ ಬಂದಾಗ ಮುಕ್ಕಾಲು ಪಾಲು ಕೆಂಪು ನೋಡಿ ಇಡೀ ಲ್ಯಾಬ್ ಗಪ್‌ಚುಪ್ ಆಗಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನೂರಕ್ಕೆ ಎಷ್ಟು ಹಸಿರು ಅನ್ನೋದೇ ಯೀಲ್ಡ್. ಹಸಿರು ಎಷ್ಟೇ ಬರ್ಲಿ ವೇಫರ್ ಖರ್ಚು ಒಂದೇ, ಹಾಗಾಗಿ ಯೀಲ್ಡ್ ಎರಡರಷ್ಟಾದ್ರೆ ಚಿಪ್ ಬೆಲೆ ಅರ್ಧಕ್ಕಿಳಿಯುತ್ತೆ, ಈ ಬಿಸಿನೆಸ್ಸಿನ ಲಾಭ ನಷ್ಟ ಎಲ್ಲಾ ಅಲ್ಲೇ ಇರೋದು.

26-27ರ ಚಾಂಗ್ ಆ ಸತ್ತ ಲೈನ್ ಮುಂದೆ ತಿಂಗಳುಗಟ್ಟಲೆ ನಿಂತು ಟೆಂಪರೇಚರ್ ಸ್ವಲ್ಪ ಈ ಕಡೆ ಪ್ರೆಷರ್ ಸ್ವಲ್ಪ ಆ ಕಡೆ ಅಂತ ಬದಲಾಯಿಸ್ತಾ ಪ್ರತಿಯೊಂದನ್ನೂ ಅಳೆದು ಬರ್ಕೊಂಡು, ಕೊನೆಗೆ ಯೀಲ್ಡನ್ನ 20 ಪರ್ಸೆಂಟಿನ ಮೇಲೆ ತಂದ್ರು. ಡಿಸೈನ್ ಮಾಡಿದ ಐಬಿಎಂಗಿಂತ ಮಾಡಿಕೊಡೋ ಟಿಐ ಲೈನ್ ಮುಂದೆ ಹೋಯ್ತು! ಐಬಿಎಂನವರು ಹೇಗಾಯ್ತು ಅಂತ ಕೇಳೋಕೆ ಬಂದ್ರು, ಚಾಂಗ್ ಹತ್ರ ಉತ್ತರಾನೂ ಇತ್ತು. ಬೇರೆಯವರ ಡಿಸೈನನ್ನ ಅವರಿಗಿಂತ ಚೆನ್ನಾಗಿ ಮಾಡಿಕೊಡೋದು ಅನ್ನೋದನ್ನ ಅವರು ಕೈಯಾರೆ ಕಂಡಿದ್ದು ಆಗ, ಟಿಎಸ್‌ಎಂಸಿ ಹುಟ್ಟೋಕೆ ಇನ್ನೂ 29 ವರ್ಷ ಇತ್ತು.

ಆಮೇಲೆ ಟಿಐನಲ್ಲಿ ಮೇಲೇರಿದ್ದು ಬೇಗ. ಕಂಪನಿಯೇ ಸ್ಟ್ಯಾನ್‌ಫೋರ್ಡ್‌ಗೆ ಓದೋಕೆ ಕಳಿಸ್ತು, 1964ರಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗಲ್ಲಿ ಪಿಎಚ್‌ಡಿ ಆಯ್ತು. 1972ಕ್ಕೆ ಟಿಐನ ಇಡೀ ಸೆಮಿಕಂಡಕ್ಟರ್ ವ್ಯವಹಾರ ಅವರ ಕೈಲಿತ್ತು. ಅವರ ಒಂದು ತಂತ್ರ ಆಗ ಎಲ್ಲರನ್ನೂ ಬೆಚ್ಚಿಬೀಳಿಸ್ತು, ಮಾರ್ಕೆಟ್ ಕೇಳೋಕೆ ಮುಂಚೆನೇ ಮೂರು ತಿಂಗಳಿಗೊಮ್ಮೆ ಬೆಲೆ ಇಳಿಸೋದು, ಬೆಲೆ ಇಳಿದ್ರೆ ಆರ್ಡರ್ ಜಾಸ್ತಿ, ಆರ್ಡರ್ ಜಾಸ್ತಿ ಆದ್ರೆ ಕೈ ಪಳಗುತ್ತೆ, ಕೈ ಪಳಗಿದ್ರೆ ಯೀಲ್ಡ್ ಏರುತ್ತೆ, ಯೀಲ್ಡ್ ಏರಿದ್ರೆ ಖರ್ಚು ಇಳಿಯುತ್ತೆ. ಇದೇ ಕಾಲದಲ್ಲಿ ಇನ್ನೊಂದು ವಿಷಯನೂ ಅವರ ಕಣ್ಣಿಗೆ ಬಿತ್ತು. ಟಿಐನದೇ ಜಪಾನ್ ಫ್ಯಾಕ್ಟರಿಯಲ್ಲಿ ಯೀಲ್ಡ್ ಟೆಕ್ಸಾಸ್ ಫ್ಯಾಕ್ಟರಿಯ ಎರಡರಷ್ಟು ಬರ್ತಿತ್ತು. ಹೋಗಿ ನೋಡಿದ್ರೆ ಅಲ್ಲಿನ ಟೆಕ್ನಿಷಿಯನ್ನರು, ಆಪರೇಟರ್‌ಗಳು ಚೆನ್ನಾಗಿ ತರಬೇತಾದೋರು, ಕೆಲಸ ಬಿಟ್ಟು ಹೋಗೋರು ಬಹಳ ಕಮ್ಮಿ. ಮೆಷಿನ್ ಮುಂದೆ ನಿಲ್ಲೋ ಮನುಷ್ಯ ಯಾರು, ಎಷ್ಟು ವರ್ಷ ನಿಂತಿದಾನೆ ಅನ್ನೋದು ಚಿಪ್ಪಿನ ಬೆಲೆ ತೀರ್ಮಾನ ಮಾಡುತ್ತೆ ಅನ್ನೋದನ್ನ ಅವರು ಅಲ್ಲಿಂದ ತಲೇಲಿಟ್ಕೊಂಡ್ರು.

ಆದ್ರೆ ಟಿಐಗೆ ಕ್ಯಾಲ್ಕುಲೇಟರ್, ಡಿಜಿಟಲ್ ವಾಚ್ ಹುಚ್ಚು ಹಿಡೀತು. 1978ರಲ್ಲಿ ಚಾಂಗ್‌ರನ್ನ ಚಿಪ್‌ನಿಂದ ತೆಗೆದು ಗ್ರಾಹಕ ವಸ್ತುಗಳ ವಿಭಾಗಕ್ಕೆ ಹಾಕಿದ್ರು, ಆ ಕೆಲಸ ಅವರಿಗೆ ಒಗ್ಗಲಿಲ್ಲ, ಆಮೇಲೆ ಗುಣಮಟ್ಟ ನೋಡ್ಕೊಳ್ಳೋ ಒಂದು ಹುದ್ದೆಗೆ ಸರಿಸಿದ್ರು. 25 ವರ್ಷ ದುಡಿದ ಕಂಪನಿ, ಒಂದು ಕಾಲಕ್ಕೆ ಅದರ ಮುಖ್ಯಸ್ಥನೇ ಆಗ್ತೀನಿ ಅಂದ್ಕೊಂಡಿದ್ದೋರು, 1983ರಲ್ಲಿ ಬಿಟ್ಟು ಹೊರಗೆ ಬಂದ್ರು. ವಯಸ್ಸು 52. ನ್ಯೂಯಾರ್ಕಿನ ಜನರಲ್ ಇನ್‌ಸ್ಟ್ರುಮೆಂಟ್‌ನಲ್ಲಿ ಒಂದು ವರ್ಷ, ಅಲ್ಲೂ ಸರಿಹೋಗ್ಲಿಲ್ಲ. ಆದ್ರೆ ಆ ಒಂದು ವರ್ಷದಲ್ಲೇ ಒಂದು ಘಟನೆ ನಡೀತು. ಗೋರ್ಡನ್ ಕ್ಯಾಂಪ್‌ಬೆಲ್ ಅನ್ನೋ ಉದ್ಯಮಿ ಹೊಸ ಚಿಪ್ ಕಂಪನಿಗೆ 5 ಕೋಟಿ ಡಾಲರ್ ಬೇಕು ಅಂತ ಬಂದ್ರು, ಪ್ಲಾನ್ ಬರೆದು ತರ್ತೀನಿ ಅಂತ ಹೋದೋರು ವಾಪಸ್ ಬರಲೇ ಇಲ್ಲ. ಚಾಂಗ್ ಫೋನ್ ಮಾಡಿ ವಿಚಾರಿಸಿದ್ರೆ, ಈಗ 50 ಲಕ್ಷ ಡಾಲರ್ ಸಾಕು, ಫ್ಯಾಕ್ಟರಿ ಕಟ್ಟಲ್ಲ, ಬೇರೆಯವರ ಹತ್ರ ಮಾಡಿಸ್ಕೊಳ್ತೀನಿ ಅಂದ್ರು. ಹತ್ತರಲ್ಲಿ ಒಂಬತ್ತು ಪಾಲು ದುಡ್ಡು ಬರೀ ಫ್ಯಾಕ್ಟರಿಗೇ ಹೋಗ್ತಿತ್ತು ಅನ್ನೋ ಲೆಕ್ಕ ಚಾಂಗ್ ತಲೇಲಿ ಉಳೀತು.

1985ರಲ್ಲಿ ತೈವಾನ್ ಸರ್ಕಾರದ ಕೆ.ಟಿ. ಲೀ ಮತ್ತಿತರರು ಚಾಂಗ್‌ರನ್ನ ಶಿನ್‌ಚುನಲ್ಲಿರೋ ಸರ್ಕಾರಿ ಸಂಶೋಧನಾ ಸಂಸ್ಥೆ ಐಟಿಆರ್‌ಐಗೆ ಅಧ್ಯಕ್ಷರಾಗಿ ಕರ್ಕೊಂಡ್ರು. ಸ್ವಲ್ಪ ದಿನಕ್ಕೇ ಲೀ ಒಂದು ಚಿಪ್ ಕಂಪನಿ ಕಟ್ಟಿಕೊಡಿ ಅಂತ ಕೂರಿಸಿದ್ರು. ಚಾಂಗ್ ಮಾಡಿದ ಲೆಕ್ಕ ಎಷ್ಟು ಸರಳ ನೋಡಿ: ತೈವಾನಿಗೆ ಡಿಸೈನ್ ಬರುತ್ತಾ, ಇಲ್ಲ. ಸಂಶೋಧನೇಲಿ ಮುಂದಿದೆಯಾ, ಇಲ್ಲ. ಪ್ರಪಂಚಕ್ಕೆ ಮಾರೋಕೆ ಬರುತ್ತಾ, ಇಲ್ಲ. ಉಳಿದಿದ್ದು ತಯಾರಿಕೆ ಒಂದೇ. ಅಮೆರಿಕದ ಆರ್‌ಸಿಎ ಕಂಪನಿಯಿಂದ 1976ರಲ್ಲಿ ತಂತ್ರಜ್ಞಾನ ತಂದು, ಇಂಜಿನಿಯರ್‌ಗಳನ್ನ ಅಲ್ಲಿಗೇ ಕಳಿಸಿ ಕಲಿಸಿ, ಐಟಿಆರ್‌ಐ ಒಂದು ಸಣ್ಣ ಲೈನ್ ನಡೆಸ್ತಿತ್ತು. ಹಾಗಾದ್ರೆ ನಾವು ತಯಾರಿಕೆ ಮಾತ್ರ ಮಾಡೋಣ, ನಮ್ಮ ಹೆಸರಲ್ಲಿ ಒಂದೂ ಚಿಪ್ ಬೇಡ.

ಇದರ ಬೆಲೆ ಗೊತ್ತಾಗ್ಬೇಕು ಅಂದ್ರೆ ನಮ್ಮೂರಿನ ಹಿಟ್ಟಿನ ಗಿರಣಿ ನೆನಪಿಸ್ಕೊಳ್ಳಿ. ನಮ್ಮ ರಾಗಿ ನಾವು ತಗೊಂಡ್ಹೋಗ್ತೀವಿ, ಅವನು ಬೀಸಿಕೊಡ್ತಾನೆ, ಬೀಸಿದ ಕೂಲಿ ತಗೊಳ್ತಾನೆ. ಅದೇ ಗಿರಣಿಯವನು ತಾನೂ ಹಿಟ್ಟಿನ ಪ್ಯಾಕೆಟ್ ಮಾರೋಕೆ ಶುರು ಮಾಡಿದ ಅಂದ್ಕೊಳ್ಳಿ, ಹಬ್ಬದ ಸೀಸನಲ್ಲಿ ಯಾರ ರಾಗಿ ಮೊದಲು ಬೀಸ್ತಾನೆ? ನಮ್ಮ ಮನೆಯ ಹುರಿಹಿಟ್ಟಿಗೆ ಏನೇನು ಬೆರೆಸ್ತೀವಿ ಅನ್ನೋದೂ ಅವನಿಗೆ ಗೊತ್ತಾಗಿಬಿಡುತ್ತೆ. 1980ರ ದಶಕದಲ್ಲಿ ಫ್ಯಾಕ್ಟರಿ ಇಲ್ಲದ ಸಣ್ಣ ಚಿಪ್ ಕಂಪನಿಗಳ ಪಾಡು ಹಾಗೇ ಇತ್ತು, ದೊಡ್ಡ ಕಂಪನಿಗಳ ಲೈನ್ ಖಾಲಿ ಇದ್ದಾಗ ಮಾತ್ರ ಇವರ ಕೆಲಸ, ಮಾರ್ಕೆಟ್ ಬಿಸಿ ಆದ್ರೆ ಇವರು ಕ್ಯೂನ ಕೊನೆಗೆ, ಡಿಸೈನ್ ಕದ್ದುಬಿಟ್ರೆ ಅನ್ನೋ ಭಯ ಬೇರೆ. ಚಾಂಗ್ ಹೇಳಿದ್ದು ನಾನು ಬರೀ ಗಿರಣಿ, ನಿಮ್ಮ ಮೇಲೆ ಯಾವತ್ತೂ ಪೈಪೋಟಿಗೆ ನಿಲ್ಲಲ್ಲ ಅಂತ. ಆ ಮಾತನ್ನ ಇವತ್ತಿನವರೆಗೂ ಆ ಕಂಪನಿ ಉಳಿಸ್ಕೊಂಡಿದೆ. ಅವರ ಜೀವನದ ದೊಡ್ಡ ಆವಿಷ್ಕಾರ ಅಂದ್ರೆ ಈ ಮಾತೇ ಅಂತ ನಾನು ಹೇಳ್ತೀನಿ.

ದುಡ್ಡು ಹುಟ್ಟಿಸೋದು ಸುಲಭ ಇರ್ಲಿಲ್ಲ. ಇಂಟೆಲ್ ಬೇಡ ಅಂತು, ಅವರ ಹಳೇ ಟಿಐನೂ ಬೇಡ ಅಂತು. ಕೊನೆಗೆ ಹಾಲೆಂಡಿನ ಫಿಲಿಪ್ಸ್ 27.5 ಪರ್ಸೆಂಟ್ ತಗೊಂಡು ತಂತ್ರಜ್ಞಾನಾನೂ ಕೊಡ್ತು, ತೈವಾನ್ ಸರ್ಕಾರ 48 ಪರ್ಸೆಂಟ್ ಚಿಲ್ಲರೆ ಹಾಕ್ತು, ಮಿಕ್ಕಿದ್ದನ್ನ ಸ್ಥಳೀಯ ಉದ್ಯಮಿಗಳ ಹತ್ರ ಸರ್ಕಾರವೇ ಒತ್ತಾಯ ಮಾಡಿ ಹಾಕಿಸ್ತು. 1987ರ ಫೆಬ್ರವರಿಯಲ್ಲಿ ಕಂಪನಿ ಹುಟ್ಟಿದಾಗ ಅದರ ಟೆಕ್ನಾಲಜಿ ಪ್ರಪಂಚಕ್ಕಿಂತ ಎರಡು ತಲೆಮಾರು ಹಿಂದೆ. ನೀವು ಕೇಳಿದ 55ನೇ ವಯಸ್ಸು ಅಂದ್ರೆ ಇದೇ. ನನ್ನ ಪ್ರಕಾರ ಅವರು 35ರಲ್ಲಿ ಇದನ್ನ ಮಾಡೋಕೆ ಆಗ್ತಿರ್ಲಿಲ್ಲ, ಐಬಿಎಂ ಲೈನು, ಬೆಲೆ ಇಳಿಸೋ ಲೆಕ್ಕ, ಜಪಾನಿನ ಫ್ಯಾಕ್ಟರಿ, ಕ್ಯಾಂಪ್‌ಬೆಲ್ ಫೋನು, ಇವೆಲ್ಲ ಸೇರಿದ ಮೇಲೇ ಆ ಪ್ಲಾನ್ ಬರೆಯೋಕೆ ಆಗಿದ್ದು.

ಗಿರಾಕಿಗಳು ಆಮೇಲೆ ಹುಟ್ಟಿಕೊಂಡ್ರು, ಗಿರಣಿ ಇದೆ ಅಂತ ಗೊತ್ತಾದ ಮೇಲೆ ರಾಗಿ ಬೆಳೆಯೋರು ಜಾಸ್ತಿ ಆದ ಹಾಗೆ. 1990ರ ದಶಕದ ನಡುವೆ ಕ್ಯಾಲಿಫೋರ್ನಿಯಾದ ಒಂದು ಸಣ್ಣ ಕಂಪನಿಯ ಹುಡುಗ ಚಾಂಗ್‌ಗೆ ಕಾಗದ ಬರೆದ, ನಮ್ಮ ಚಿಪ್ ಮಾಡಿಕೊಡ್ತೀರಾ ಅಂತ. ಚಾಂಗ್ ತಾವೇ ಫೋನ್ ಮಾಡಿದ್ರು, ಆ ಕಡೆ ಆಫೀಸಲ್ಲಿ ಗಲಾಟೆ, ಆ ಹುಡುಗ ತನ್ನವರಿಗೆ ಸುಮ್ನಿರಿ, ಮೋರಿಸ್ ಚಾಂಗ್ ಫೋನಲ್ಲಿದಾರೆ ಅಂತ ಕೂಗಿದ್ರಂತೆ. ಆ ಹುಡುಗ ಜೆನ್ಸನ್ ಹುವಾಂಗ್, ಕಂಪನಿ ಎನ್‌ವಿಡಿಯಾ. ಇವತ್ತು ಎಐ ಎಐ ಅಂತ ಪ್ರಪಂಚ ಕುಣೀತಿರೋ ಚಿಪ್‌ಗಳು ತಯಾರಾಗ್ತಿರೋದು ಮುಖ್ಯವಾಗಿ ಟಿಎಸ್‌ಎಂಸಿಯಲ್ಲೇ.

2005ರಲ್ಲಿ ಸಿಇಓ ಸ್ಥಾನ ಬಿಟ್ಟು ಚೇರ್ಮನ್ ಆಗಿ ಉಳಿದ್ರು. ಆಮೇಲೆ 2008ರ ಆರ್ಥಿಕ ಕುಸಿತ ಬಂತು, ಹೊಸ ಸಿಇಓ ಕಾಲದಲ್ಲಿ ಕೆಲಸಗಾರರನ್ನ ತೆಗೆದ್ರು, ಕೆಲಸ ಕಳ್ಕೊಂಡೋರು ಚಾಂಗ್ ಮನೆ ಹತ್ರ ಧರಣಿ ಕೂತ್ರು. 2009ರ ಜೂನ್‌ನಲ್ಲಿ, ಇನ್ನೇನು 78 ತುಂಬೋಕೆ ಕೆಲವೇ ವಾರ ಇದ್ದಾಗ, ಚಾಂಗ್ ಸಿಇಓ ಕುರ್ಚಿಗೆ ವಾಪಸ್ ಬಂದು ತೆಗೆದೋರನ್ನ ಮತ್ತೆ ಕರೆದ್ರು, ಎಲ್ಲಾ ಕಂಪನಿಗಳೂ ಖರ್ಚು ಕಡಿತಾ ಇರ್ಬೇಕಾದ್ರೆ ಇವರು ಹೊಸ ಫ್ಯಾಬ್‌ಗೆ (ಚಿಪ್ ಫ್ಯಾಕ್ಟರಿಗೆ), ಮೆಷಿನ್‌ಗೆ ಹಾಕೋ ದುಡ್ಡನ್ನ 2010ಕ್ಕೆ 590 ಕೋಟಿ ಡಾಲರ್‌ಗೆ ಏರಿಸಿಬಿಟ್ರು, ಹಿಂದಿನ ವರ್ಷದ್ದಕ್ಕೆ ಎರಡರಷ್ಟಕ್ಕೂ ಜಾಸ್ತಿ. ಸ್ಮಾರ್ಟ್‌ಫೋನ್ ಬರ್ತಿದೆ, ಆಗ ಫ್ಯಾಬ್ ಕಟ್ಟೋಕೆ ಹೋದ್ರೆ ತಡ ಆಗುತ್ತೆ ಅನ್ನೋದು ಅವರ ಲೆಕ್ಕ. 2010ರಲ್ಲೇ ಆಪಲ್‌ನ ಜೆಫ್ ವಿಲಿಯಮ್ಸ್ ಚಾಂಗ್ ಮನೆಗೆ ಊಟಕ್ಕೆ ಬಂದ್ರು, ಅಲ್ಲಿಂದ ಮಾತು ಬೆಳೆದು ಟಿಎಸ್‌ಎಂಸಿ ಆಪಲ್ ಕೆಲಸಕ್ಕೆ ಅಂತಾನೇ 900 ಕೋಟಿ ಡಾಲರ್ ಸುರೀತು, 6000 ಜನ ಹಗಲು ರಾತ್ರಿ ದುಡಿದು ತೈನಾನ್‌ನ ಫ್ಯಾಬನ್ನ 11 ತಿಂಗಳಲ್ಲಿ ಎಬ್ಬಿಸಿದ್ರು. 2014ರಿಂದ ಐಫೋನ್ ಚಿಪ್ ಅಲ್ಲಿಂದ ಬರೋಕೆ ಶುರುವಾಯ್ತು.

ದೇವರು ಮಾಡೋಕೆ ಹೋಗ್ಬೇಡಿ ಅವರನ್ನ. ಬಹಳ ಬಿರುಸಿನ ಬಾಸ್. 10 ನ್ಯಾನೋಮೀಟರ್ ಅನ್ನೋ ಹೊಸ ತಲೆಮಾರಿನ ಚಿಪ್ ಹಂತದಲ್ಲಿ ಪೈಪೋಟಿ ಬಿಗಿಯಾದಾಗ ಸಂಶೋಧನಾ ವಿಭಾಗವನ್ನೇ ಮೂರು ಶಿಫ್ಟಲ್ಲಿ ರಾತ್ರಿಯಿಡೀ ನಡೆಸಿದ್ರು, ಆ ಇಂಜಿನಿಯರ್‌ಗಳ ಮನೆಯವರಿಗೆ ಅದು ಎಷ್ಟು ಕಷ್ಟ ಆಗಿರ್ಬೇಕು ಅಂತ ಟೇಪ್ಔಟ್ ರಾತ್ರಿಗಳನ್ನ ಕಳೆದ ನನಗೆ ಅಂದಾಜಿದೆ. 2018ರ ಜೂನ್‌ನಲ್ಲಿ, 86ರಲ್ಲಿ, ಪೂರ್ತಿ ನಿವೃತ್ತಿ ತಗೊಂಡ್ರು.

ಇನ್ನು ನಮ್ಮ ಕತೆ. ಚಾಂಗ್ ತೈವಾನಿಗೆ ಹೋದ 1985ರಲ್ಲೇ ಟಿಐ ಬೆಂಗಳೂರಲ್ಲಿ ಡಿಸೈನ್ ಸೆಂಟರ್ ತೆಗೀತು, ಮಿಲ್ಲರ್ಸ್ ರೋಡಿನ ಸೋನಾ ಟವರ್ಸ್‌ನಲ್ಲಿ. ಒಂದೇ ವರ್ಷ, ಒಂದೇ ಕಂಪನಿಯ ನಂಟು, ಎರಡು ದಾರಿ. ಬೆಂಗಳೂರಿಗೆ ಸಿಕ್ಕಿದ್ದು ಡಿಸೈನ್, ಅದಕ್ಕೆ ಕಂಪ್ಯೂಟರು, ಜನ, ಸ್ಯಾಟಲೈಟ್ ಲಿಂಕು ಇದ್ರೆ ಸಾಕಾಗ್ತಿತ್ತು, ನಮ್ಮಂಥ ಸಾವಿರಾರು ಜನಕ್ಕೆ ಅನ್ನ ಕೊಟ್ಟಿದೆ, ಕಮ್ಮಿ ಅಂತ ನಾನು ಯಾವತ್ತೂ ಹೇಳಲ್ಲ. ಫ್ಯಾಬ್ ವಿಷಯದಲ್ಲಿ ನಾವು ಪ್ರಯತ್ನಾನೇ ಪಟ್ಟಿಲ್ಲ ಅನ್ನೋದು ಸುಳ್ಳು, ಪಂಜಾಬಿನ ಮೊಹಾಲಿಯಲ್ಲಿ ಸರ್ಕಾರದ ಚಿಪ್ ಫ್ಯಾಕ್ಟರಿ ಎಸ್‌ಸಿಎಲ್ 1984ರಲ್ಲೇ ಚಿಪ್ ಮಾಡ್ತಿತ್ತು, ಅಂದ್ರೆ ಟಿಎಸ್‌ಎಂಸಿಗಿಂತ ಮುಂಚೆ. 1989ರಲ್ಲಿ ಅಲ್ಲಿ ಬೆಂಕಿ ಬಿದ್ದು ಫ್ಯಾಬ್ ಸುಟ್ಟುಹೋಯ್ತು, ಮತ್ತೆ ಎದ್ದು ನಿಲ್ಲೋ ಹೊತ್ತಿಗೆ ಪ್ರಪಂಚ ಮುಂದೆ ಹೋಗಿತ್ತು. ಈ ವ್ಯವಹಾರದಲ್ಲಿ ನಾಲ್ಕೈದು ವರ್ಷ ತಪ್ಪಿದ್ರೆ ಎರಡು ತಲೆಮಾರು ತಪ್ಪಿದ ಹಾಗೆ, ಜೊತೆಗೆ ತೈವಾನ್ ಸರ್ಕಾರದ ಥರ ದುಡ್ಡು ಹಾಕ್ತಾ, ಜನರನ್ನ ಕಳಿಸಿ ಕಲಿಸ್ತಾ, ಆದ್ರೆ ವ್ಯವಹಾರ ಗೊತ್ತಿರೋನ ಕೈಗೆ ಚುಕ್ಕಾಣಿ ಕೊಟ್ಟು ದೂರ ನಿಂತ ಸರ್ಕಾರ ಬೇಕಿತ್ತು, ಅದು ನಮಗೆ ಆಗ ಸಿಗ್ಲಿಲ್ಲ. ಈಗ ಗುಜರಾತಿನ ಧೊಲೇರಾದಲ್ಲಿ ಟಾಟಾ ಕಂಪನಿ ತೈವಾನಿನ ಇನ್ನೊಂದು ಚಿಪ್ ಕಂಪನಿ ಪಿಎಸ್‌ಎಂಸಿ ಜೊತೆ ಸೇರಿ ಫ್ಯಾಬ್ ಕಟ್ಟೋಕೆ 2024ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ಆಗಿದೆ.

ನಿಮ್ಮ ತಮ್ಮನ ವಿಷಯ. ಮನೆಯವರು ಬೇಡ ಅನ್ನೋದು ಪ್ರೀತಿಯಿಂದಲೇ, ಊರು ದೂರ, ಶಿಫ್ಟ್ ಕೆಲಸ, ತಲೆಯಿಂದ ಕಾಲವರೆಗೆ ಬಿಳಿ ಸೂಟ್ ಹಾಕ್ಕೊಂಡು ಗಂಟೆಗಟ್ಟಲೆ ಕ್ಲೀನ್‌ರೂಮಲ್ಲಿ (ಧೂಳೇ ಇಲ್ಲದ ಹಾಗೆ ಇಟ್ಟ ಕೋಣೆ) ನಿಲ್ಬೇಕು, ಸಂಬಳನೂ ಮೊದಮೊದಲು ಡಿಸೈನ್‌ಗಿಂತ ಕಮ್ಮಿ ಇರ್ಬೋದು. ಅದನ್ನೆಲ್ಲ ಅವನಿಗೆ ನೇರವಾಗೇ ಹೇಳಿ. ಆದ್ರೆ ಫ್ಯಾಕ್ಟರಿ ಕೆಲಸ ಅಂತ ಕೀಳಾಗಿ ನೋಡ್ಬೇಡಿ. ಡಿಸೈನ್ ಬಲ್ಲೋರು ಬೆಂಗಳೂರಲ್ಲಿ ಬೀದಿಗೊಬ್ರು ಸಿಗ್ತೀವಿ, ಕೆಂಪು ಮ್ಯಾಪ್ ನೋಡಿ ಇದು ಯಾವ ಮೆಷಿನಿಂದು, ಯಾವ ಸ್ಟೆಪ್ಪಿಂದು ಅಂತ ಹೇಳೋರು ಇಡೀ ದೇಶದಲ್ಲಿ ಬೆರಳೆಣಿಕೆ. ನನಗೆ 23ನೇ ವಯಸ್ಸಲ್ಲಿ ಆ ಅವಕಾಶ ಯಾರಾದ್ರೂ ಕೊಟ್ಟಿದ್ರೆ ನಾನು ಹೋಗ್ತಿದ್ದೆ. ಹೋಗೋ ಮುಂಚೆ ಒಂದು ವಿಷಯ ಮಾತ್ರ ಆ ಕಂಪನಿಯವರನ್ನ ಕೇಳೋಕೆ ಹೇಳಿ: ತರಬೇತಿಗೆ ಓಡ್ತಿರೋ ಫ್ಯಾಬ್‌ಗೆ ಎಷ್ಟು ತಿಂಗಳು ಕಳಿಸ್ತೀರಿ ಅಂತ. ಉತ್ತರ ತಿಂಗಳುಗಳ ಲೆಕ್ಕದಲ್ಲಿ ಬಂದ್ರೆ ಒಳ್ಳೇದು, ಎರಡು ವಾರ ಅಂದ್ರೆ ಇನ್ನೊಂದ್ಸಲ ಯೋಚನೆ ಮಾಡ್ಲಿ.

2024ರ ಫೆಬ್ರವರಿಯಲ್ಲಿ ಜಪಾನಿನ ಕುಮಾಮೊಟೊದಲ್ಲಿ ಸೋನಿ ಜೊತೆ ಸೇರಿ ಟಿಎಸ್‌ಎಂಸಿ ಕಟ್ಟಿದ ಫ್ಯಾಬ್ ಉದ್ಘಾಟನೆ ಆಯ್ತು. ಅಲ್ಲಿಗೆ 92 ವರ್ಷದ ಚಾಂಗ್ ಬಂದಿದ್ರು. ಅವರು ನೆನೆಸ್ಕೊಂಡಿದ್ದು 1968, ಟಿಐ ಪರವಾಗಿ ಸೋನಿ ಜೊತೆ ಒಪ್ಪಂದಕ್ಕೆ ಅಂತ ಮೊದಲ ಸಲ ಜಪಾನಿಗೆ ಹೋಗಿದ್ದು, ಆಗ ಸೋನಿ ಕಟ್ಟಿದೋರಲ್ಲಿ ಒಬ್ರಾದ ಅಕಿಯೊ ಮೊರಿಟಾ ಚಾಂಗ್‌ಗೆ, ಇಲ್ಲಿನ ಯೀಲ್ಡ್ ನೋಡಿದ್ರೆ ನೀವು ಆಶ್ಚರ್ಯ ಪಡ್ತೀರಿ ಅಂತ ಹೇಳಿದ್ದು.